ಬ್ಲೇಡ್ ಹಿಡಿದು ತಿದ್ದಿದ ಆಶೀರ್ವಾದ

ಅಕ್ಕನ ಮದುವೆಯ ಕರೆಯೋಲೆ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ‘ಎಂಜಿನಿಯರಿಂಗ್ ಓದ್ತಿದ್ದಾನೆ, ಕಂಪ್ಯೂಟರ್ ಗೊತ್ತು’ ಎಂಬುದೊಂದೇ ಅರ್ಹತೆ. 300 ಕಾರ್ಡ್ ಅಚ್ಚಾಗಿ ಮನೆಗೆ ಬಂದವು. ದೇವರ ಮುಂದಿಟ್ಟು, ಮೊದಲನೆಯದನ್ನು ಅಜ್ಜಿಯ ಕೈಗೆ ಕೊಟ್ಟೆವು. ಏಳನೇ ತರಗತಿವರೆಗೆ ಓದಿದ ಅಜ್ಜಿ ಇಂದಿಗೂ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ಕೊನೆಯ ಸಾಲಿಗೆ ಬಂದು ನಿಂತರು. ‘ಆರ್ಶೀವಾದವೇ ಉಡುಗೊರೆ ಅಂತಿದೆಯಲ್ಲೋ, ಇದೇನಿದು?’

ನಾನು, ಅಪ್ಪ, ಅಕ್ಕ ಮೂವರೂ ಪ್ರೂಫ್ ನೋಡಿದ್ದೆವು. ನಮ್ಮ ಬಾಯಲ್ಲಿ ಬರುವುದು ಸರಿಯಾಗಿ ಆಶೀರ್ವಾದವೇ. ಆದರೆ ಆಟೊಗಳ ಹಿಂದೆ, ಫ್ಲೆಕ್ಸ್‌ಗಳ ಮೇಲೆ ‘ತಾಯಿಯ ಆರ್ಶೀವಾದ’ ನೋಡಿ ನೋಡಿ ಕಣ್ಣು ಪಳಗಿಬಿಟ್ಟಿದೆ.

ಈ ತಪ್ಪು ಹುಟ್ಟುವ ಬಗೆ ಆಮೇಲೆ ಹೊಳೆಯಿತು. ಅರ್ಕಾವೊತ್ತನ್ನು ಅಕ್ಷರದ ನಂತರ ಬರೆಯುತ್ತೇವೆ, ಆದರೆ ಅಕ್ಷರಕ್ಕಿಂತ ಮೊದಲು ಉಚ್ಚರಿಸುತ್ತೇವೆ. ‘ಶೀ’ ಬರೆದ ಕೂಡಲೇ ಕಿವಿಗೆ ‘ರ್’ ಕೇಳಿಸುತ್ತದೆ, ಕೈ ಅಲ್ಲೇ ಅರ್ಕಾವೊತ್ತು ಎಳೆದುಬಿಡುತ್ತದೆ. ‘ವಾ’ ಮುಗಿಯುವವರೆಗೆ ಅದು ಕಾಯಬೇಕಿತ್ತು. ಕಂಪ್ಯೂಟರಿನಲ್ಲಾದರೆ ಉಚ್ಚಾರದ ಕ್ರಮದಲ್ಲೇ ‘ರ್’ ಒತ್ತಬೇಕು. ಬಾಯಲ್ಲಿ ಹೇಳಿಕೊಳ್ಳುತ್ತಾ ಟೈಪ್ ಮಾಡಿದ್ದರೆ ನಾನು ಎಡವುತ್ತಲೇ ಇರಲಿಲ್ಲ!

ಮತ್ತೆ ಅಚ್ಚು ಹಾಕಿಸಲು ಹಣವೂ ಇರಲಿಲ್ಲ, ದಿನವೂ ಉಳಿದಿರಲಿಲ್ಲ. ‘ಯಾರು ನೋಡ್ತಾರೆ ಬಿಡು’ ಎಂದರು ಅಪ್ಪ. ಅಕ್ಕ ಮಾತನಾಡಲಿಲ್ಲ. ಮೊದಲ ಕಾರ್ಡನ್ನು ಅವಳು ತನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಕೊಡಬೇಕೆಂದಿದ್ದಳು. ಯೋಚಿಸಿದರೆ, ಜಾಗ ತಪ್ಪಿರುವುದು ಒಂದೇ ಒಂದು ಗುರುತು. ಬ್ಲೇಡಿನಿಂದ ‘ಶೀ’ ಪಕ್ಕದ್ದನ್ನು ಕೆರೆದು, ಕೆಂಪು ಪೆನ್ನಿನಲ್ಲಿ ‘ವಾ’ ಪಕ್ಕ ಬರೆದರಾಯಿತು. ಸ್ವಲ್ಪ ಇಕ್ಕಟ್ಟಾದರೂ ಹಿಡಿಸಿತು. ರಾತ್ರಿ ಊಟ ಮುಗಿಸಿ ಎಲ್ಲರೂ ಕುಳಿತೆವು.

ನೂರು ಕಾರ್ಡ್ ಮುಗಿದಿರಬಹುದು. ಬೇಸರ ಕಳೆಯಲು ಅಜ್ಜಿಯಂತೆ ಬೆರಳಿಟ್ಟು ಒಂದನ್ನು ಮೊದಲಿನಿಂದ ಓದಿದೆ. ‘ಜೇಷ್ಠ ಪುತ್ರಿ’! ಟ-ಠ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದ್ದೆ. ‘ಎಲ್ಲಕ್ಕಿಂತ’ ಎಂಬ ಅರ್ಥವಿರುವ ಶ್ರೇಷ್ಠ, ಕನಿಷ್ಠ, ಗರಿಷ್ಠಗಳಿಗೆ ಠ, ಸ್ಪಷ್ಟ, ವಿಶಿಷ್ಟ, ಕ್ಲಿಷ್ಟಗಳಿಗೆ ಟ ಎಂದು ಶಾಲೆಯಲ್ಲಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಆ ಒತ್ತನ್ನೇ ಪರೀಕ್ಷಿಸಿದ್ದೆ. ಅದರ ಹಿಂದಿನ ‘ಜ್ಯೇ’ ಕಣ್ಣಿಗೇ ಬಿದ್ದಿರಲಿಲ್ಲ.

ಅಕ್ಕ ನಕ್ಕುಬಿಟ್ಟಳು. ಯ ಒತ್ತು ಸೇರಿಸಲು ಮತ್ತೆ ಮೊದಲ ಕಾರ್ಡ್ ಎತ್ತಿಕೊಂಡೆವು.