ಸೊಂಟದ ಪಿಸ್ತೂಲು, ದಾರಿಯ ತಪಾಸಣೆ

ಬಳ್ಳಾರಿಯಿಂದ ಹೊರಟ ಹೆದ್ದಾರಿ ಸಿರುಗುಪ್ಪವನ್ನು ಸಮೀಪಿಸುತ್ತಿದ್ದಂತೆ ಎರಡು ಪಕ್ಕಗಳಲ್ಲಿಯೂ ಭತ್ತದ ಗದ್ದೆಗಳು ಹರಡಿಕೊಳ್ಳುತ್ತವೆ. ಅವುಗಳ ನಡುವೆ ಅಕ್ಕಿ ಗಿರಣಿಗಳು ತಲೆಯೆತ್ತುತ್ತವೆ. ಸುಗ್ಗಿ ಮುಗಿದ ದಿನಗಳಲ್ಲಿ ಹಣವನ್ನು ಕಟ್ಟಿಕೊಂಡು ರಾತ್ರಿಯ ವೇಳೆ ಒಬ್ಬಂಟಿಯಾಗಿ ಕಾರಿನಲ್ಲಿ ಹಿಂದಿರುಗುವ ವ್ಯಾಪಾರಿಗೆ ಪ್ರಾಣಭಯವುಂಟಾದರೆ ಆಶ್ಚರ್ಯವಿಲ್ಲ. ಅಂಥವನು ಅರ್ಜಿ ಹಾಕಿ, ವಿಚಾರಣೆಗಳನ್ನೆಲ್ಲ ದಾಟಿ, ಪಿಸ್ತೂಲಿನ ಪರವಾನಗಿಯನ್ನು ಪಡೆಯುತ್ತಾನೆ. ಇನ್ನು ತನ್ನ ಚಿಂತೆ ತೀರಿತೆಂದು ಆತ ಭಾವಿಸುವುದುಂಟು. ಆದರೆ ಹೊಸ ಜವಾಬ್ದಾರಿಯೊಂದು ಆರಂಭವಾಗುವುದೇ ಆ ದಿನದಿಂದ. ಅದರ ಪರೀಕ್ಷೆ ನಡೆಯುವುದು ಕಳ್ಳರೆದುರಿನಲ್ಲಲ್ಲ, ಬಹುಮಟ್ಟಿಗೆ ಪೊಲೀಸರ ತಪಾಸಣೆಯ ಅಡ್ಡಗಟ್ಟೆಯ ಬಳಿ.

ನಮ್ಮ ದೇಶದಲ್ಲಿ ಆಯುಧವನ್ನಿಟ್ಟುಕೊಳ್ಳುವುದು ಹುಟ್ಟಿನಿಂದ ಬಂದ ಹಕ್ಕಲ್ಲ. 1878ರಲ್ಲಿ ಬ್ರಿಟಿಷರು ತಂದ ಆಯುಧ ಕಾನೂನಿನ ಸ್ಥಾನದಲ್ಲಿ ಸ್ವತಂತ್ರ ಭಾರತವು 1959ರಲ್ಲಿ ತನ್ನದೇ ಅಧಿನಿಯಮವನ್ನು ರಚಿಸಿತು. ಅದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 21 ವರ್ಷ ತುಂಬದವರಿಗೆ ಪರವಾನಗಿಯಿಲ್ಲ. ಪಿಸ್ತೂಲು, ರಿವಾಲ್ವರ್‌ಗಳನ್ನು ಬೇಡುವವನು ತಕ್ಕ ಕಾರಣವನ್ನು ತೋರಿಸಿ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. 2019ರ ತಿದ್ದುಪಡಿಯ ಅನಂತರ ಒಬ್ಬನಿಗೆ ಹೆಚ್ಚೆಂದರೆ ಎರಡೇ ಆಯುಧಗಳು. ಪರವಾನಗಿಯ ಅವಧಿ ಐದು ವರ್ಷ. ಅಜ್ಜನ ಕಾಲದ ರಿವಾಲ್ವರ್ ಮನೆಯ ಪೆಟ್ಟಿಗೆಯಲ್ಲಿದೆಯೆಂದ ಮಾತ್ರಕ್ಕೆ ಮೊಮ್ಮಗನು ಅದನ್ನು ಕಾರಿನಲ್ಲಿಟ್ಟುಕೊಂಡು ತಿರುಗುವಂತಿಲ್ಲ. ಯಜಮಾನನು ತೀರಿಕೊಂಡೊಡನೆ ಆಯುಧವನ್ನು ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ಮಾರಾಟಗಾರನಿಗೋ ಒಪ್ಪಿಸಿ, ವಾರಸುದಾರನು ತನ್ನ ಹೆಸರಿಗೆ ಪರವಾನಗಿಯನ್ನು ಕೇಳಿಕೊಳ್ಳಬೇಕು.

ಪರವಾನಗಿ ಯಾರಿಗೆ?

ಕಾರಿನಲ್ಲಿ ಪಿಸ್ತೂಲನ್ನು ಒಯ್ಯುವವರು ಮೊಟ್ಟಮೊದಲು ಮನಗಾಣಬೇಕಾದ ಸಂಗತಿಯೊಂದಿದೆ: ಪರವಾನಗಿ ದೊರೆತಿರುವುದು ವ್ಯಕ್ತಿಗೆ, ವಾಹನಕ್ಕಲ್ಲ. ಬಳ್ಳಾರಿಯ ಗೃಹಸ್ಥರೊಬ್ಬರು ಸಂಸಾರಸಮೇತರಾಗಿ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದರೆಂದಿಟ್ಟುಕೊಳ್ಳೋಣ. ದೇವರ ಸನ್ನಿಧಿಗೆ ಆಯುಧವೇಕೆಂದು ಪಿಸ್ತೂಲನ್ನು ಕಾರಿನ ಮುಂಭಾಗದ ಪೆಟ್ಟಿಗೆಯಲ್ಲಿಟ್ಟು ಇಳಿದರು. ಅವರು ಹಿಂದಿರುಗುವಷ್ಟರಲ್ಲಿ ಪೆಟ್ರೋಲ್ ಹಾಕಿಸಿ ತರೋಣವೆಂದು ಚಾಲಕನು ಕಾರನ್ನು ಒಯ್ದನು. ದಾರಿಯಲ್ಲಿ ಪೊಲೀಸರು ತಡೆದು ಪೆಟ್ಟಿಗೆಯನ್ನು ತೆರೆಸಿದರೆ, ಆಗ ಆಯುಧವಿರುವುದು ಪರವಾನಗಿಯಿಲ್ಲದವನ ಕೈಯಲ್ಲಿ! ಪರವಾನಗಿಯುಳ್ಳವನ ಸಮಕ್ಷಮದಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇರೆಗೆ, ಅದೂ ರಿಪೇರಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಇಲ್ಲವೆ ಅವನದೇ ಉಪಯೋಗಕ್ಕಾಗಿ ಮಾತ್ರ ಇನ್ನೊಬ್ಬನು ಆಯುಧವನ್ನು ಒಯ್ಯಬಹುದೆಂದು ಕಾನೂನು ಹೇಳುತ್ತದೆ. ಪರವಾನಗಿಯಿಲ್ಲದೆ ಬಂದೂಕು ಹೊಂದಿದ ಅಪರಾಧಕ್ಕೆ ಕನಿಷ್ಠ ಎರಡು ವರ್ಷದಿಂದ ಐದು ವರ್ಷಗಳವರೆಗೆ ಸೆರೆವಾಸವುಂಟು. ಯಜಮಾನರ ಒಂದು ಕ್ಷಣದ ಅಲಕ್ಷ್ಯ ಬಡ ಚಾಲಕನ ಕೊರಳಿಗೆ ಉರುಳಾಗಬಹುದು. ಹಿಂದಿನ ಆಸನದಿಂದ ಮುಂದಕ್ಕೆ ಬಾಗಿ ಪೆಟ್ಟಿಗೆಯನ್ನು ತಡಕಾಡುವ ಮಕ್ಕಳ ವಿಷಯವನ್ನಂತೂ ಬೇರೆ ಹೇಳಬೇಕಾಗಿಲ್ಲ.

2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆ ತಕ್ಕ ಚೀಲದಲ್ಲಿದ್ದು, ಪೂರ್ಣವಾಗಿ ಮುಚ್ಚಿರಬೇಕು; ಒಯ್ಯುವವನ ಹತೋಟಿಯಲ್ಲಿರಬೇಕು. ಅದನ್ನು ಝಳಪಿಸುವುದು ನಿಷಿದ್ಧ. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನಸಭೆ, ಶಾಲಾ ಕಾಲೇಜುಗಳ ಆವರಣ - ಇಲ್ಲಿಗೆಲ್ಲ ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಕೊಂಡೊಯ್ಯಬಾರದೆಂಬುದು ಪರವಾನಗಿಯ ಷರತ್ತು. ಷರತ್ತನ್ನು ಮುರಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಮದುವೆಯ ಸಂಭ್ರಮದಲ್ಲಿ ಗಾಳಿಗೆ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವ ಶೂರರಿಗೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಕಾದಿವೆ.

ಗಡಿಯ ಗೆರೆ

ಸಿರುಗುಪ್ಪದವರಿಗೆ ಇನ್ನೊಂದು ತೊಡಕು. ಆದವಾನಿ, ಆಲೂರು, ರಾಯದುರ್ಗಗಳು ಹಿಂದೆ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ರಂದು ಅವು ಆಂಧ್ರಕ್ಕೆ ಸೇರಿದವು, ಬಳ್ಳಾರಿಯೂ ಸಿರುಗುಪ್ಪವೂ ಮೈಸೂರಿಗೆ ಬಂದವು. ರಾಜ್ಯಗಳು ಬೇರೆಯಾದರೂ ಬೀಗತನ, ವ್ಯಾಪಾರಗಳು ಬೇರೆಯಾಗಲಿಲ್ಲ; ಆದವಾನಿಗೆ ಹೋಗುವುದೆಂದರೆ ಅನೇಕರಿಗೆ ಪಕ್ಕದ ಓಣಿಗೆ ಹೋದಂತೆ. ಪಿಸ್ತೂಲಿಗೆ ಮಾತ್ರ ಆ ಸಲಿಗೆಯಿಲ್ಲ. ಪರವಾನಗಿ ಯಾವ ಸೀಮೆಯವರೆಗೆ ಸಲ್ಲುವುದೆಂದು ಅದರಲ್ಲಿಯೇ ಬರೆದಿರುತ್ತದೆ. ಆ ಸೀಮೆಯನ್ನು ದಾಟಿದರೆ ಅದರ ಬಲ ಅಲ್ಲಿಗೇ ನಿಂತಿತು. ಚುನಾವಣೆ ಘೋಷಣೆಯಾದಾಗ ಗಡಿಯ ತಪಾಸಣೆ ಬಿಗಿಯಾಗುತ್ತದೆ. ಆಯುಧವನ್ನು ಠಾಣೆಯಲ್ಲಿ ಠೇವಣಿಯಿಡುವಂತೆ ಆಜ್ಞೆಯಾದವರು ಅದನ್ನು ಒಪ್ಪಿಸಿ ರಸೀದಿ ಪಡೆದು, ಚುನಾವಣೆ ಮುಗಿದ ಮೇಲೆ ಮರಳಿ ತಂದುಕೊಳ್ಳಬೇಕು.

ತಡೆದು ನಿಲ್ಲಿಸಿದಾಗ

ಆಯುಧವನ್ನು ಒಯ್ಯುತ್ತಿರುವವನಿಂದ ಪರವಾನಗಿಯನ್ನು ಕೇಳಲು ಅಧಿನಿಯಮದ 19ನೆಯ ಕಲಮು ಯಾವ ಪೊಲೀಸ್ ಅಧಿಕಾರಿಗಾದರೂ ಅಧಿಕಾರ ಕೊಟ್ಟಿದೆ. ತೋರಿಸದಿದ್ದರೆ ಹೆಸರು ವಿಳಾಸಗಳನ್ನು ಕೇಳಬಹುದು, ಅವಶ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು; ಹೆಸರು ಹೇಳಲು ನಿರಾಕರಿಸಿದರೆ, ಇಲ್ಲವೆ ಸುಳ್ಳು ಹೆಸರೆಂದು ಸಂಶಯ ಬಂದರೆ, ವಾರಂಟಿಲ್ಲದೆ ಬಂಧಿಸಬಹುದು. ಆದ್ದರಿಂದ ಪರವಾನಗಿಯ ಮೂಲಪ್ರತಿ ಆಯುಧದ ಜೊತೆಯಲ್ಲಿಯೇ ಇರಬೇಕು. ಅದು ಮನೆಯ ಬೀರುವಿನಲ್ಲಿದ್ದು ಪ್ರಯೋಜನವಿಲ್ಲ.

ಇನ್ನು ನಡವಳಿಕೆಯ ಮಾತು. ಕತ್ತಲಲ್ಲಿ ಕಾರಿನ ಬಳಿಗೆ ಬರುವ ಪೇದೆಗೂ ಹೆಂಡತಿ ಮಕ್ಕಳಿದ್ದಾರೆ. ಒಳಗಿರುವವನು ಸಜ್ಜನನೋ ದರೋಡೆಕೋರನೋ ಆತನಿಗೆ ತಿಳಿಯದು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಒಳಗಿನ ದೀಪವನ್ನು ಹಾಕಿ, ಎರಡು ಕೈಗಳನ್ನೂ ಕಾಣುವಂತೆ ಚಕ್ರದ ಮೇಲಿಟ್ಟುಕೊಳ್ಳುವುದು ವಿವೇಕ. "ಸರ್, ನನ್ನ ಸೊಂಟದಲ್ಲಿ ಲೈಸೆನ್ಸಿನ ಪಿಸ್ತೂಲಿದೆ. ಲೈಸೆನ್ಸು ಅಂಗಿಯ ಜೇಬಿನಲ್ಲಿದೆ, ತೆಗೆದು ತೋರಿಸಲೇ?" ಎಂದು ಕೇಳಿ, ಅವರ ಅಪ್ಪಣೆಯಾದ ಮೇಲೆಯೇ ಜೇಬಿಗೆ ಕೈಹಾಕಬೇಕು. ತೋರಿಸುವ ಉತ್ಸಾಹದಲ್ಲಿ ತಾನಾಗಿ ಪಿಸ್ತೂಲನ್ನು ಹೊರಗೆಳೆಯುವುದರಷ್ಟು ಅವಿವೇಕ ಬೇರೊಂದಿಲ್ಲ. ಆಯುಧವನ್ನು ನೋಡಿ ಸಂಖ್ಯೆಯನ್ನು ತಾಳೆಹಾಕಬೇಕೆಂದು ಅಧಿಕಾರಿ ಬಯಸಿದರೆ, ಅದನ್ನು ಹೇಗೆ ತೆಗೆಯಬೇಕೆಂದು ಅವರೇ ಹೇಳಲಿ. ಅಧಿಕಾರಿಯು ಅನ್ಯಾಯ ಮಾಡಿದನೆಂದು ತೋರಿದರೂ ವಾದಕ್ಕೆ ರಸ್ತೆ ತಕ್ಕ ವೇದಿಕೆಯಲ್ಲ. ಮರುದಿನ ಮೇಲಧಿಕಾರಿಗೆ ದೂರು ಕೊಡಲು ದಾರಿಯುಂಟು. ಪಕ್ಕದಲ್ಲಿ ಕುಳಿತವರೂ ಆ ಹೊತ್ತಿನಲ್ಲಿ ಶಾಂತರಾಗಿರಬೇಕು.

ಪಯಣಕ್ಕೆ ಮುನ್ನ ಮನೆಯಾಕೆ ನೀರು, ಬುತ್ತಿಗಳನ್ನು ನೋಡಿಕೊಳ್ಳುವಂತೆ, ಪಿಸ್ತೂಲುಳ್ಳ ಯಜಮಾನನು ಪರವಾನಗಿಯ ಅವಧಿಯನ್ನೂ ಸೀಮೆಯನ್ನೂ ನೋಡಿಕೊಳ್ಳಲಿ. ಹೋಗುವ ಜಾಗಕ್ಕೆ ಅದು ಸಲ್ಲುವುದೇ ಎಂದು ಯೋಚಿಸಲಿ. ಸಲ್ಲದಿದ್ದರೆ, ಅಥವಾ ಆ ದಿನ ಅದರ ಅಗತ್ಯವೇ ಇಲ್ಲದಿದ್ದರೆ, ಗುಂಡುಗಳನ್ನು ತೆಗೆದು ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿ ಮನೆಯಲ್ಲಿಯೇ ಇಟ್ಟು ಹೊರಡುವುದು ಲೇಸು.