ಖಾಸಗಿ ಯಾಟ್ ಕ್ಲಬ್ಬುಗಳು: ಇತಿಹಾಸ, ಚಟುವಟಿಕೆ ಮತ್ತು ಲೆಕ್ಕಪತ್ರ

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು 1933ರ ನಂತರ 89 ವರ್ಷಗಳು ಕಳೆದು 2022ರ ಸೆಪ್ಟೆಂಬರ್ ತಿಂಗಳಿನಲ್ಲಿ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಹೊಸದುರ್ಗ ತಾಲ್ಲೂಕಿನವರೆಗೆ ಹರಡಿದ ಆ ಹಿನ್ನೀರನ್ನು ಕಂಡವರಿಗೆ ಇಲ್ಲಿ ಹಾಯಿದೋಣಿಗಳು ಏಕೆ ತೇಲಬಾರದು ಎಂಬ ಆಲೋಚನೆ ಬರುವುದು ಸಹಜ. ದೇಶದ ಹಲವು ನಗರಗಳಲ್ಲಿ ಈ ಹವ್ಯಾಸವನ್ನು ನಡೆಸಿಕೊಂಡು ಬಂದಿರುವುದು ಸದಸ್ಯರ ಖಾಸಗಿ ಕ್ಲಬ್ಬುಗಳು. ಅವು ಹೇಗೆ ಹುಟ್ಟಿದವು, ಯಾವ ಆದಾಯದಿಂದ ಬದುಕಿವೆ ಎಂಬುದನ್ನು ಅರಿಯದೆ ಇಲ್ಲಿನ ವರ್ತಕರು ಅಂತಹ ಯೋಜನೆಗೆ ಹಣ ತೊಡಗಿಸುವುದು ಉಚಿತವಲ್ಲ.

'ಯಾಟ್' ಎಂಬ ಪದವು ಬೇಟೆ ಎಂಬ ಅರ್ಥದ ಡಚ್ ಪದದಿಂದ ಬಂದುದು. ಶತ್ರುನೌಕೆಗಳನ್ನು ಬೆನ್ನಟ್ಟುವ ವೇಗದ ಹಡಗುಗಳಿಗೆ ಮೊದಲು ಆ ಹೆಸರಿತ್ತು. 1660ರಲ್ಲಿ ಆಮ್‌ಸ್ಟರ್‌ಡ್ಯಾಂ ನಗರವು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಅಂತಹ ನೌಕೆಯೊಂದನ್ನು ಉಡುಗೊರೆಯಾಗಿತ್ತ ಮೇಲೆ ಅದು ವಿನೋದದ ವಾಹನವಾಯಿತು. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ 1720ರಲ್ಲಿ ಆರಂಭವಾದ ಸಂಘವನ್ನು ಜಗತ್ತಿನ ಅತ್ಯಂತ ಹಳೆಯ ಯಾಟ್ ಕ್ಲಬ್ ಎಂದು ಪರಿಗಣಿಸಲಾಗಿದೆ.

ಭಾರತದಲ್ಲಿ ಈ ಪರಂಪರೆಯ ಪ್ರಮುಖ ಸಂಸ್ಥೆ ಮುಂಬಯಿಯ ರಾಯಲ್ ಬಾಂಬೆ ಯಾಟ್ ಕ್ಲಬ್. 1846ರಲ್ಲಿ ಸ್ಥಾಪಿತವಾದ ಈ ಕ್ಲಬ್ಬಿಗೆ 'ರಾಯಲ್' ಬಿರುದು ದೊರೆತದ್ದು 1876ರಲ್ಲಿ. ಅಪೋಲೊ ಬಂದರಿನಲ್ಲಿ 1881ರಲ್ಲಿ ಅದರ ಭವನ ಎದ್ದಿತು; 1890ರ ದಶಕದಲ್ಲಿ ಎದುರಿಗೆ ಸದಸ್ಯರ ವಸತಿಗಾಗಿ ಮತ್ತೊಂದು ಕಟ್ಟಡ ನಿರ್ಮಾಣವಾಯಿತು. ದಶಕಗಳ ಕಾಲ ಭಾರತೀಯರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. ಭಾರತೀಯರೂ ಯೂರೋಪಿಯನ್ನರೂ ಸಮಾನವಾಗಿ ಸೇರಬಹುದಾದ ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್ 1917ರಲ್ಲಿ ಅದೇ ನಗರದಲ್ಲಿ ಹುಟ್ಟಿದ್ದು ಇಂತಹ ನಿರ್ಬಂಧಗಳ ಹಿನ್ನೆಲೆಯಲ್ಲಿಯೇ. ಸ್ವಾತಂತ್ರ್ಯಾನಂತರ ಯಾಟ್ ಕ್ಲಬ್ಬಿನ ಮೂಲ ಭವನ ಪರಮಾಣು ಇಂಧನ ಇಲಾಖೆಯ ಕಚೇರಿಯಾಯಿತು. ಕ್ಲಬ್ಬು ವಸತಿ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಲೆಕ್ಕಿಗನ ಕಣ್ಣಿಗೆ ಇದು ಮುಖ್ಯವಾದ ಸಂಗತಿ. ಹೆಸರು ದೋಣಿಯದಾದರೂ ಇಂತಹ ಕ್ಲಬ್ಬುಗಳಿಗೆ ವರ್ಷವಿಡೀ ಹಣ ತರುವುದು ಕೊಠಡಿ, ಭೋಜನಶಾಲೆ ಮತ್ತು ವಾರ್ಷಿಕ ಚಂದಾ.

1910ರಲ್ಲಿ ನೈನಿತಾಲಿನಲ್ಲಿ, 1911ರಲ್ಲಿ ಬಂದರು ಆಡಳಿತಾಧಿಕಾರಿ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಮುಂದಾಳತ್ವದಲ್ಲಿ ಮದ್ರಾಸಿನಲ್ಲಿ ಯಾಟ್ ಕ್ಲಬ್ಬುಗಳು ಆರಂಭವಾದವು. ರಾಷ್ಟ್ರಮಟ್ಟದ ನಿಯಂತ್ರಣ ಸಂಸ್ಥೆಯಾದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ ರೂಪುಗೊಂಡದ್ದು 1960ರಲ್ಲಿ. ಕರ್ನಾಟಕದಲ್ಲಿ ಈ ಕ್ರೀಡೆಗೆ ನೆಲೆ ಒದಗಿಸಿದ್ದು ಸೇನೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ.

ಸಮುದ್ರವಿಲ್ಲದ ಊರಿಗೆ ಈ ಕ್ರೀಡೆ ಒಗ್ಗುವುದಿಲ್ಲವೆಂದು ಭಾವಿಸಬೇಕಾಗಿಲ್ಲ. ಹುಸೇನ್ ಸಾಗರದಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ 2009ರಿಂದ ಕಾರ್ಯನಿರತವಾಗಿದ್ದು, ಬಡ ಕುಟುಂಬಗಳ ಮಕ್ಕಳಿಗೂ ತರಬೇತಿ ನೀಡುತ್ತಿದೆ. 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಪಳಗಿದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಮಕ್ಕಳು ಕಲಿಯುವ 'ಆಪ್ಟಿಮಿಸ್ಟ್' ದೋಣಿಯ ಉದ್ದ 2.3 ಮೀಟರ್, ತೂಕ 35 ಕಿಲೋಗ್ರಾಂ ಮಾತ್ರ. ತರಬೇತಿ, ರೆಗಾಟಾ ಎನ್ನಲಾಗುವ ಪಂದ್ಯಾವಳಿ, ದೋಣಿಗಳ ದುರಸ್ತಿ ಹಾಗೂ ರಕ್ಷಣಾ ವ್ಯವಸ್ಥೆ, ಇವಿಷ್ಟು ನೀರಿನ ಮೇಲಿನ ಚಟುವಟಿಕೆಗಳು.

ಇನ್ನು ಆಯ-ವ್ಯಯದ ವಿಚಾರ. ಕ್ಲಬ್ಬುಗಳು ಸಾಮಾನ್ಯವಾಗಿ ಎಡವುವುದು ಪ್ರವೇಶ ಶುಲ್ಕದಲ್ಲಿ. ಆಜೀವ ಸದಸ್ಯತ್ವದ ಹಣ ಬಂಡವಾಳ ಸ್ವರೂಪದ್ದು. ಅದನ್ನು ಮೂಲನಿಧಿಗೆ ಸೇರಿಸಬೇಕು. ಆದರೆ ಮೊದಲ ವರ್ಷ ನೂರಾರು ಜನ ಸೇರಿದ ಉತ್ಸಾಹದಲ್ಲಿ ಆ ಮೊತ್ತವನ್ನೇ ಸಂಬಳಕ್ಕೂ ಔತಣಕ್ಕೂ ಬಳಸಿದರೆ, ಹೊಸ ಸದಸ್ಯರು ನಿಂತ ವರ್ಷ ಖಜಾನೆ ಬರಿದಾಗುತ್ತದೆ. ಆಜೀವ ಸದಸ್ಯರಿಂದ ಮತ್ತೆ ಚಂದಾ ಕೇಳುವಂತಿಲ್ಲ. ಹಾಯಿ, ಹಗ್ಗಗಳು ಬಿಸಿಲಿಗೆ ಬೇಗ ಜೀರ್ಣವಾಗುವುದರಿಂದ ಸವಕಳಿಯನ್ನು ಪುಸ್ತಕದಲ್ಲಿ ಬರೆದರೆ ಸಾಲದು, ಅಷ್ಟು ಹಣವನ್ನು ಬೇರೆ ಠೇವಣಿಯಲ್ಲಿಡಬೇಕು.

ಆ ಠೇವಣಿಯ ಬಡ್ಡಿಗೂ ತೆರಿಗೆಯುಂಟು. ಸದಸ್ಯರು ತಮ್ಮಲ್ಲೇ ಕೂಡಿಸಿ ತಮಗಾಗಿಯೇ ವೆಚ್ಚ ಮಾಡುವ ಹಣದಲ್ಲಿ ಉಳಿದದ್ದು ಲಾಭವಲ್ಲ ಎಂಬುದು ಪರಸ್ಪರತೆಯ ತತ್ವ. 1868ರಲ್ಲಿ ಸ್ಥಾಪಿತವಾದ ಬೆಂಗಳೂರು ಕ್ಲಬ್ ಇದೇ ತತ್ವವನ್ನು ಮುಂದಿಟ್ಟು, ತನ್ನ ಸದಸ್ಯರೇ ಆಗಿದ್ದ ಬ್ಯಾಂಕುಗಳಲ್ಲಿಟ್ಟ ಠೇವಣಿಯ ಬಡ್ಡಿಗೆ ವಿನಾಯಿತಿ ಕೋರಿತ್ತು. ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ನೀಡಿದೊಡನೆ ಪರಸ್ಪರತೆ ಕಡಿದುಹೋಗುತ್ತದೆಂದು 2013ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪರೋಕ್ಷ ತೆರಿಗೆಯ ದಾರಿ ಇನ್ನೂ ಅಂಕುಡೊಂಕು. 2019ರಲ್ಲಿ ಕಲ್ಕತ್ತಾ ಕ್ಲಬ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕ್ಲಬ್ಬುಗಳ ಪರವಾಗಿ ತೀರ್ಪು ನೀಡಿತು. 2021ರಲ್ಲಿ ಸಂಸತ್ತು ಜಿ.ಎಸ್.ಟಿ. ಕಾನೂನಿಗೆ 2017ರ ಜುಲೈಯಿಂದಲೇ ಅನ್ವಯಿಸುವಂತೆ ತಿದ್ದುಪಡಿ ತಂದಿತು. 2025ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದಿತು. ಹೊಸ ಕ್ಲಬ್ಬು ಈ ತೆರಿಗೆಗೆ ಹಣ ಕಾಯ್ದಿರಿಸಿಯೇ ಚಂದಾ ನಿಗದಿಪಡಿಸುವುದು ಕ್ಷೇಮ.

ಮಾರಿಕಣಿವೆಯ ಮಟ್ಟಿಗೆ ಲೆಕ್ಕ ಇನ್ನಷ್ಟು ಬಿಗಿ. ಜಲಾಶಯದ ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಲಾರಂಭಿಸಿದ ಮೇಲೆ ಭರವಸೆ ಹೆಚ್ಚಿದ್ದರೂ, 1933ರಿಂದ 2022ರವರೆಗೆ ಒಮ್ಮೆಯೂ ತುಂಬದ ದಾಖಲೆಯನ್ನು ಮರೆಯಲಾಗದು. ನೀರು ಹಿಂದೆ ಸರಿದರೆ ದಡದಲ್ಲಿ ಕಟ್ಟಿದ ಭವನಕ್ಕೂ ದೋಣಿಗೂ ನಡುವೆ ಕೆಸರಿನ ಬಯಲು ಬೀಳುತ್ತದೆ. ಗಾಳಿಯ ವಿಚಾರವೂ ಹಾಗೆಯೇ. ಜೋಗಿಮಟ್ಟಿಯ ಗಾಳಿಯಂತ್ರಗಳು ರಭಸವಾಗಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸಾಗರದಲ್ಲಿ ನೀರು ಹೆಚ್ಚಾಗಿರುವುದು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ. ಮುಂಬಯಿಯವರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಮಿಕ್ಕ ಋತುವನ್ನೆಲ್ಲ ಬಳಸಿಕೊಳ್ಳುತ್ತಾರೆ. ಇಲ್ಲಿ ಗಾಳಿಯೂ ನೀರೂ ಒಟ್ಟಿಗೆ ಸಿಗುವ ವಾರಗಳು ಕೆಲವೇ. ವರ್ಷದ ಚಂದಾಕ್ಕೆ ಸದಸ್ಯರು ಎಷ್ಟು ದಿನ ದೋಣಿ ಹತ್ತುವರೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಅಡಿಕೆ ವರ್ತಕರಿಗೆ ಈ ಬಗೆಯ ಋತುಮಾನದ ವ್ಯವಹಾರ ಹೊಸದಲ್ಲ, ಆದರೆ ಅಡಿಕೆಯನ್ನು ಗೋದಾಮಿನಲ್ಲಿ ಇಡಬಹುದು, ಗಾಳಿಯನ್ನು ಇಡಲಾಗದು.

ಮೇಲಾಗಿ ಈ ಜಲಾಶಯ ಚಿತ್ರದುರ್ಗ, ಹಿರಿಯೂರು ಮುಂತಾದ ಊರುಗಳ ಕುಡಿಯುವ ನೀರಿನ ಮೂಲ. ಭೋಪಾಲದ ಕೆರೆಯೂ ಕುಡಿಯುವ ನೀರಿನದೇ ಆದುದರಿಂದ, ಅಲ್ಲಿ ಕ್ರೂಸ್ ಹಾಗೂ ಮೋಟಾರು ದೋಣಿಗಳನ್ನು ನಿಲ್ಲಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಆದೇಶಿಸಿತು. ಹಾಯಿದೋಣಿಗೆ ಡೀಸೆಲ್ ಬೇಡ. ಆದರೆ ಮಗುವಿನ ದೋಣಿ ಮಗುಚಿದಾಗ ಧಾವಿಸುವ ರಕ್ಷಣಾ ದೋಣಿಗೆ ಎಂಜಿನ್ ಬೇಕೇ ಬೇಕು. ಆ ಒಂದು ದೋಣಿಗೆ ಸಂಬಂಧಪಟ್ಟ ಇಲಾಖೆಗಳ ಲಿಖಿತ ಅನುಮತಿ ಕೈಸೇರುವ ಮುನ್ನ ಪ್ರವೇಶ ಶುಲ್ಕದ ರಸೀದಿ ಪುಸ್ತಕವನ್ನು ಅಚ್ಚು ಹಾಕಿಸಬಾರದು.