ಓದಿದವರಿಗೆ ತಿಳಿಯುವ ಬರಹ: ವ್ಯಾಪಾರಪತ್ರಗಳಲ್ಲಿ ಸರಳ ಕನ್ನಡ

ಹಾಸನದಿಂದ ಬೇಲೂರಿಗೆ ಸಾಗುವ ಹೆದ್ದಾರಿಯಲ್ಲಿ, ಹಳೇಬೀಡಿನ ರಸ್ತೆ ಕವಲೊಡೆಯುವ ಸ್ಥಳದಲ್ಲಿರುವ ಊರು ಹಗರೆ. ಮುಂಗಾರಿನ ಆಲೂಗಡ್ಡೆಗೆ ಹೆಸರಾದ ಸೀಮೆಯಿದು. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಯ ಮೂಲಕ ಈ ಭಾಗದ ಹೊಲಗಳನ್ನು ಸೇರುತ್ತದೆ. ನಾಟಿಯಾದ ಬಳಿಕ ಮೋಡ ಕವಿದು ಜಡಿಮಳೆ ಹಿಡಿಯಿತೆಂದರೆ ಅಂಗಮಾರಿ ರೋಗದ ಭಯ. ಆಗ ರೈತರ ಕೈಗೆ ಬರುವುದು ಶಿಲೀಂಧ್ರನಾಶಕದ ಒಂದು ಪೊಟ್ಟಣ ಮತ್ತು ಅದರೊಂದಿಗೆ ಹಲವು ಮಡಿಕೆಗಳಾಗಿ ಮಡಚಿಟ್ಟ ಮಾಹಿತಿಪತ್ರ. ವಾಣಿಜ್ಯ ಬರವಣಿಗೆಯ ಸರಳತೆಯನ್ನು ಕುರಿತ ಚರ್ಚೆಗೆ ಆ ಪತ್ರಕ್ಕಿಂತ ಸೂಕ್ತವಾದ ಉದಾಹರಣೆ ದೊರೆಯುವುದು ಕಷ್ಟ. ಏಕೆಂದರೆ ಅದನ್ನು ತಪ್ಪಾಗಿ ಓದಿದವರಿಗೆ ಆ ವರ್ಷದ ಬೆಳೆಯೇ ಕೈತಪ್ಪಬಹುದು.

ಆಲೂಗಡ್ಡೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಮ್ಯಾಂಕೋಜೆಬ್ ಶೇ. 75ರ ಪುಡಿಯನ್ನೇ ತೆಗೆದುಕೊಳ್ಳಬಹುದು. ಅದರ ಶಿಫಾರಸು ಇರುವುದು ಹೆಕ್ಟೇರಿನ ಲೆಕ್ಕದಲ್ಲಿ: ಸಕ್ರಿಯ ಘಟಕಾಂಶ 1,125ರಿಂದ 1,500 ಗ್ರಾಂ, ಸೂತ್ರೀಕರಣ 1,500ರಿಂದ 2,000 ಗ್ರಾಂ, ನೀರು 750 ಲೀಟರ್. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ಲೋಪವೇನೂ ಇಲ್ಲ. ಆದರೆ ಹಗರೆಯ ಸುತ್ತಮುತ್ತ ಭೂಮಿಯನ್ನು ಅಳೆಯುವುದು ಎಕರೆ, ಗುಂಟೆಗಳಲ್ಲಿ. ಔಷಧವನ್ನು ಬೆರೆಸುವುದು ಬೆನ್ನಿಗೆ ಹೊರುವ ಕ್ಯಾನಿನಲ್ಲಿ. ಹೆಕ್ಟೇರಿನ ಪ್ರಮಾಣವನ್ನು ಎಕರೆಯದೆಂದು ಭಾವಿಸಿದರೆ ಸುಮಾರು ಎರಡೂವರೆ ಪಟ್ಟು ಔಷಧ ಸುರಿದಂತಾಗುತ್ತದೆ. ಪಕ್ಕದ ಕಲಮಿನ ಸಕ್ರಿಯ ಘಟಕಾಂಶದ ಅಂಕಿಯನ್ನೇ ಪುಡಿಯ ತೂಕವೆಂದು ಹಿಡಿದರೆ ಕಾಲುಭಾಗ ಕಡಿಮೆಯಾಗಿ ರೋಗ ಹತೋಟಿಗೆ ಬಾರದೆ ಹೋಗಬಹುದು. ಇದೇ ಶಿಫಾರಸನ್ನು ಹೀಗೂ ಬರೆಯಲು ಸಾಧ್ಯವಿದೆ: “ಒಂದು ಎಕರೆಗೆ 600ರಿಂದ 800 ಗ್ರಾಂ ಪುಡಿ, 300 ಲೀಟರ್ ನೀರು. 16 ಲೀಟರಿನ ಒಂದು ಕ್ಯಾನಿಗೆ 32ರಿಂದ 43 ಗ್ರಾಂ. ಎಕರೆಗೆ ಸುಮಾರು 19 ಕ್ಯಾನು.” ಇದರಲ್ಲಿ ಹೊಸ ಮಾಹಿತಿಯೇನೂ ಇಲ್ಲ. ಓದುವವರು ಮಾಡಬೇಕಿದ್ದ ಲೆಕ್ಕವನ್ನು ಬರೆಯುವವರೇ ಮಾಡಿಕೊಟ್ಟಿದ್ದಾರೆ, ಅಷ್ಟೇ.

1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲು ಮತ್ತು ಮಾಹಿತಿಪತ್ರಗಳು ಹಿಂದಿ, ಇಂಗ್ಲಿಷುಗಳ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರತಕ್ಕದ್ದು. ಹೀಗಾಗಿ ಕನ್ನಡವು ಪೊಟ್ಟಣದೊಳಗೆ ಬಂದಿದೆ. ಆದರೆ ನಿಯಮವು ಭಾಷೆಯನ್ನು ಕಡ್ಡಾಯ ಮಾಡಬಲ್ಲದೇ ಹೊರತು ಅರ್ಥವಾಗುವಿಕೆಯನ್ನಲ್ಲ. ‘ಸಕ್ರಿಯ ಘಟಕಾಂಶ’, ‘ಸೂತ್ರೀಕರಣ’ ಎಂಬಂಥ ಪದಗಳು ಇಂಗ್ಲಿಷನ್ನು ಬಲ್ಲವರಿಗೆ ಮಾತ್ರ ಮೂಲಪದದ ನೆನಪಿನಿಂದ ಹೊಳೆಯುವಂಥವು. ಅದೇ ನಿಯಮಗಳು ವಿಷದ ತೀವ್ರತೆಯನ್ನು ತೋರಿಸಲು ವಿಧಿಸಿರುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ಗಮನಿಸಬೇಕು. ಕೆಂಪು ಅತಿ ಹೆಚ್ಚಿನ ವಿಷ, ಹಸಿರು ಎಲ್ಲಕ್ಕಿಂತ ಕಡಿಮೆಯದು. ಅಕ್ಷರ ಬಾರದವರಿಗೂ ತಲುಪುವ ಈ ಗುರುತಿನ ಹಿಂದೆ, ಓದುಗರು ಯಾರೆಂಬುದನ್ನು ಯೋಚಿಸಿದ ಕುರುಹು ಇದೆ.

ಸರಳವೆಂದರೆ ಅಚ್ಚಗನ್ನಡವೇ?

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳುವುದು ಒಳಿತು. ಸರಳ ಕನ್ನಡವೆಂದರೆ ಹೊರಗಿನಿಂದ ಬಂದ ಪದಗಳನ್ನೆಲ್ಲ ತೆಗೆದುಹಾಕುವುದಲ್ಲ. ಜಾಮೀನು, ರಸೀದಿ, ವಸೂಲಿ ಇವು ಅರಬ್ಬಿ, ಪಾರಸಿಗಳಿಂದ ಬಂದವು. ಬಿಲ್ಲು, ಚೆಕ್ಕು, ಲಾರಿ ಇಂಗ್ಲಿಷಿನವು. ಸಂತೆಯಲ್ಲಿ ವ್ಯಾಪಾರ ಮಾಡುವ ಯಾರಿಗೂ ಇವು ಅಪರಿಚಿತವಲ್ಲ. ‘ಜಾಮೀನುದಾರ’ ಎಂದರೆ ಬೆವರುವ ವ್ಯಕ್ತಿ ‘ಪ್ರತಿಭೂ’ ಎಂದರೆ ನಿಶ್ಚಿಂತೆಯಿಂದ ಸಹಿ ಹಾಕಿಬಿಡಬಹುದು. ಜಮೀನಿನ ಕ್ರಯಪತ್ರಗಳಲ್ಲಿ ‘ಸದರಿ’ ಎಂಬುದರಿಂದ ಹೊರಟ ವಾಕ್ಯ ಒಂದು ಪುಟ ದಾಟಿದರೂ ನಿಲ್ಲದಿರುವುದುಂಟು. ಆದರೂ ಪತ್ರದ ಕೊನೆಯ ಚಕ್ಕುಬಂದಿಯನ್ನು, ಅಂದರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ ಎಂಬ ವಿವರವನ್ನು, ಕೇಳಿಸಿಕೊಂಡ ಯಾವ ರೈತರಿಗೂ ಅರ್ಥ ಕೇಳಬೇಕಾಗುವುದಿಲ್ಲ.

ಈ ವ್ಯತ್ಯಾಸ ಬಹಳ ಹಳೆಯದು. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಕ್ರಿ.ಶ. ಸುಮಾರು 450ರದೆಂದು ಭಾವಿಸಲಾದ ಶಾಸನವೂ ಒಂದು ದಾನಪತ್ರವೇ. ಹದಿನಾರು ಸಾಲುಗಳ ಆ ಬರಹದಲ್ಲಿ ಹೊಗಳಿಕೆಯ ಭಾಗವು ಸಂಸ್ಕೃತದ ದೀರ್ಘ ಸಮಾಸಗಳಿಂದ ತುಂಬಿದೆ. ಕೊಟ್ಟರು, ಬಿಟ್ಟರು ಎಂಬ ಕ್ರಿಯಾಪದಗಳು ಮಾತ್ರ ಕನ್ನಡದವು. ಆಡಂಬರಕ್ಕೆ ಒಂದು ಭಾಷೆ, ವ್ಯವಹಾರಕ್ಕೆ ಇನ್ನೊಂದು ಎಂಬ ವಿವೇಕ ಆಗಲೇ ಇದ್ದಿತೆನ್ನಬಹುದು. ಇಂದಿನ ಎಷ್ಟೋ ಕರಾರುಗಳಲ್ಲಿ ವ್ಯವಹಾರದ ಭಾಗವೂ ಆಡಂಬರದ ಭಾಷೆಯಲ್ಲಿಯೇ ಇರುತ್ತದೆ.

ಸಾಲದ ಕಾಗದ

ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ವಿಷಯದಲ್ಲಿ ಸ್ವಾಗತಾರ್ಹ ಬದಲಾವಣೆಯೊಂದು ಆಗಿದೆ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅವಧಿ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶಗಳ ಪತ್ರವನ್ನು ನೀಡುವುದು ಕಡ್ಡಾಯ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿರುವುದನ್ನು ವಿವರಿಸಿ, ತಿಳಿಯಿತೆಂಬ ಒಪ್ಪಿಗೆಯನ್ನು ಪಡೆಯಬೇಕು. ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಸಮ್ಮತಿಯಿಲ್ಲದೆ ವಿಧಿಸುವಂತಿಲ್ಲ. ಏಳು ದಿನ ಅಥವಾ ಅದಕ್ಕೂ ಹೆಚ್ಚಿನ ಅವಧಿಯ ಸಾಲವಾದರೆ, ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿರಬೇಕು.

ಇದರಲ್ಲಿನ ಅತಿ ಮುಖ್ಯ ಅಂಕಿ ವಾರ್ಷಿಕ ಶೇಕಡಾವಾರು ದರ. ಒಂದು ಲಕ್ಷ ರೂಪಾಯಿಗೆ ‘ಫ್ಲಾಟ್’ ಶೇ. 12 ಎಂದರೆ ವರ್ಷಕ್ಕೆ 12,000 ರೂ. ಬಡ್ಡಿ, ತಿಂಗಳ ಕಂತು 9,333 ರೂ. ಪ್ರತಿ ಕಂತಿನೊಡನೆ ಅಸಲು ಕರಗುತ್ತ ಬಂದರೂ ಬಡ್ಡಿಯ ಲೆಕ್ಕ ಪೂರ್ಣ ಲಕ್ಷದ ಮೇಲೆಯೇ ಇರುವುದರಿಂದ ನಿಜವಾದ ವಾರ್ಷಿಕ ದರ ಶೇ. 21ನ್ನು ಮೀರುತ್ತದೆ. ಶುಲ್ಕಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ‘ಶೇ. 12’ ಎಂಬುದು ಸುಳ್ಳಲ್ಲ, ಕ್ಲಿಷ್ಟ ಪದವೂ ಅಲ್ಲ. ಆದರೂ ದಾರಿ ತಪ್ಪಿಸುತ್ತದೆ. ಪದಗಳು ಸುಲಭವಾಗಿದ್ದ ಮಾತ್ರಕ್ಕೆ ಬರಹ ಸ್ಪಷ್ಟವಾಗಿದೆಯೆಂದು ಹೇಳಲಾಗದು ಎಂಬುದಕ್ಕೆ ಇದು ಸಾಕ್ಷಿ.

ಸಂಸ್ಥೆಗಳನ್ನು ಟೀಕಿಸುವಷ್ಟಕ್ಕೆ ವಿಷಯ ಮುಗಿಯುವುದಿಲ್ಲ. ಉದ್ಯಮಿಗಳು ತಾವೇ ಬರೆಯುವ ಕೊಟೇಶನ್ನು, ಬಿಲ್ಲುಗಳು ಹೇಗಿವೆ? “ಸರಕು ಸ್ವೀಕೃತಿಯ ತರುವಾಯ ಯುಕ್ತ ಕಾಲಾವಧಿಯೊಳಗೆ ಮೊಬಲಗು ಪಾವತಿಯಾಗತಕ್ಕದ್ದು” ಎಂಬ ವಾಕ್ಯದಲ್ಲಿ ಯಾರು ಕೊಡಬೇಕು, ಯಾವ ದಿನದೊಳಗೆ ಎಂಬ ಎರಡೂ ಇಲ್ಲ. ವಿನಯದಿಂದ ಬರೆದ ಈ ಅಸ್ಪಷ್ಟತೆಯ ಬೆಲೆಯನ್ನು ತೆರುವವರು ಬರೆದವರೇ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯು ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ರಕ್ಷಣೆ ನೀಡಿದೆ: ಲಿಖಿತ ಒಪ್ಪಂದವಿದ್ದಲ್ಲಿ ಅದರ ಗಡುವು, ಅದೂ 45 ದಿನಗಳನ್ನು ಮೀರದಂತೆ, ಇಲ್ಲದಿದ್ದಲ್ಲಿ ಸರಕನ್ನು ಒಪ್ಪಿಕೊಂಡಂದಿನಿಂದ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದಿನವನ್ನು ಎಣಿಸಲು ದಾಖಲೆ ಬೇಕಲ್ಲವೆ? “ಸರಕು ತಮ್ಮ ಗೋದಾಮನ್ನು ತಲುಪಿದ 30 ದಿನಗಳೊಳಗೆ ತಾವು ಪೂರ್ತಿ ಹಣವನ್ನು ನಮ್ಮ ಖಾತೆಗೆ ಕಟ್ಟಬೇಕು. ಸರಕಿನಲ್ಲಿ ದೋಷವಿದ್ದರೆ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು” ಎಂದು ಬರೆದರೆ ಮರ್ಯಾದೆಗೆ ಕುಂದಿಲ್ಲ, ವಾದಕ್ಕೆ ಎಡೆಯೂ ಇಲ್ಲ.

ಕಾನೂನಿನ ನಿಖರತೆಗೆ ಕ್ಲಿಷ್ಟ ಭಾಷೆ ಅನಿವಾರ್ಯವೆಂಬ ವಾದವನ್ನು ವಕೀಲರು ಆಗಾಗ್ಗೆ ಮುಂದಿಡುತ್ತಾರೆ. ನ್ಯೂಯಾರ್ಕಿನ ಫಸ್ಟ್ ನ್ಯಾಷನಲ್ ಸಿಟಿ ಬ್ಯಾಂಕು 1975ರಲ್ಲಿಯೇ ತನ್ನ ಗ್ರಾಹಕ ಸಾಲಪತ್ರವನ್ನು ಸರಳ ಇಂಗ್ಲಿಷಿಗೆ ತಿದ್ದಿ ಬರೆಯಿತು. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ 1979ರಲ್ಲಿ ಚಳವಳಿ ಆರಂಭವಾಯಿತು. ನಮ್ಮ ದೇಶದ ಉದಾಹರಣೆ ಇನ್ನೂ ಸಮೀಪದ್ದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಸಂಸತ್ತು ಅಂಗೀಕರಿಸಿದ 2025ರ ಆದಾಯ ತೆರಿಗೆ ಕಾಯ್ದೆಯು 1961ರ ಕಾಯ್ದೆಯ 819 ಕಲಮುಗಳನ್ನು 536ಕ್ಕೂ, ಸುಮಾರು 5.12 ಲಕ್ಷ ಪದಗಳನ್ನು 2.6 ಲಕ್ಷಕ್ಕೂ ಇಳಿಸಿದೆ. ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಗೊಂದಲದ ಜೋಡಿಯ ಸ್ಥಾನದಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಂದಿದೆ. ತೆರಿಗೆಯ ಕಾನೂನಿಗೇ ಸಾಧ್ಯವಾಗಿರುವಾಗ ಕೊಟೇಶನ್ನಿಗೆ ಅಸಾಧ್ಯವೆನ್ನಲಾಗದು.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2023ರಲ್ಲಿ ಸರಳ ಭಾಷೆಗೆಂದೇ ಒಂದು ಮಾನಕವನ್ನು ಹೊರತಂದಿದೆ. ಓದುಗರು ತಮಗೆ ಬೇಕಾದುದನ್ನು ಹುಡುಕಿಕೊಳ್ಳಬಲ್ಲರೇ, ಅರ್ಥಮಾಡಿಕೊಳ್ಳಬಲ್ಲರೇ, ಅದನ್ನು ಬಳಸಬಲ್ಲರೇ ಎಂಬುದೇ ಅದರ ಒರೆಗಲ್ಲು. ಇದನ್ನು ಪರೀಕ್ಷಿಸಲು ತಜ್ಞರ ಸಮಿತಿ ಬೇಕಿಲ್ಲ. ಲೇಬಲ್ಲು ಅಚ್ಚಿಗೆ ಹೋಗುವ ಮುನ್ನ ಅದರ ಕರಡನ್ನು ದಿನವೂ ಔಷಧ ಸಿಂಪಡಿಸುವ ನಾಲ್ಕಾರು ಮಂದಿಯ ಕೈಗಿತ್ತು, “ಅರ್ಥವಾಯಿತೆ?” ಎಂದು ಕೇಳದೆ, “ಒಂದು ಕ್ಯಾನಿಗೆ ಎಷ್ಟು ಹಾಕುತ್ತೀರಿ?” ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಸಂಕೋಚದಿಂದ ಎಲ್ಲರೂ ಹೌದೆನ್ನುತ್ತಾರೆ. ಎರಡನೆಯದಕ್ಕೆ ಬರುವ ಉತ್ತರಗಳು ಬೇರೆ ಬೇರೆಯಾದರೆ ಕರಡನ್ನು ತಿದ್ದಬೇಕು. ಅಚ್ಚಾಗಿಹೋದ ಪೊಟ್ಟಣಗಳ ಮಟ್ಟಿಗೆ, ಲೇಬಲ್ಲಿನ ಪ್ರಮಾಣವನ್ನೇ ಕ್ಯಾನಿನ ಲೆಕ್ಕಕ್ಕೆ ಇಳಿಸಿ, ಬಿಲ್ಲಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡುವ ಕೆಲಸವನ್ನು ಅಂಗಡಿಯವರು ನಾಳೆಯಿಂದಲೇ ಆರಂಭಿಸಬಹುದು.